ಗಿನಿಪಿಗ್ ಸಿಸಿಲಿಯಾ

ಸಿಸಿಲಿಯಾ ನನ್ನನ್ನು ಮೊದಲ ಸಲ ಕಂಡ ದಿನವೇ ಕೆನ್ನೆಗೆ ಬಾರಿಸಿದಳು. ಆಗ ನನಗೆ ನಲವತ್ತಮೂರು ವರ್ಷ. ನನ್ನ ಅಪ್ಪ ಕೂಡ ನನ್ನ ಮೇಲೆ ಕೈ ಎತ್ತಿದವರಲ್ಲ. ಮುಕಿಲ್ಟಿಯೊದಲ್ಲಿರುವ ಅವಳ ಮನೆಯ ಗ್ಯಾರೇಜಿನಲ್ಲಿ, ಟವೆಲಿನಲ್ಲಿ ಸುತ್ತಿದ ನಮ್ಮ ಮನೆಯ ಗಿನಿಪಿಗ್ ಒಂದನ್ನು ಎದೆಗವಚಿಕೊಂಡು ನಿಂತಿದ್ದೆ. ನಾನು ತಂದಾಗ ಅದಕ್ಕೆ ಜೀವವಿತ್ತು. ಅವಳ ಕೈಗೆ ಕೊಟ್ಟ ಕಾಲು ಗಂಟೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು, ಹಲ್ಲು ಕಟಕಟಿಸಿ, ಕಾಲು ಚಾಚಿತು.

"ಯಾವಾಗಿಂದ ತಿಂತಾ ಇರ್ಲಿಲ್ಲ?" ಎಂದು ಕೇಳಿದಳು.

"ಮೊನ್ನೆ ಬೆಳಿಗ್ಗೆಯಿಂದ."

"ಮತ್ತೆ ಎರಡು ದಿವಸ ನೀನು ಎಂಥ ಮಾಡಿದ್ದು?"

"ಲಂಘನ ಹಾಕಿದ್ದೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲವೇನೋ ಎಂದು ಬಿಡಿಸಿಯೂ ಹೇಳಿದೆ. ನಮ್ಮ ಬಸವನಗುಡಿಯ ಮನೆಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ಮೊದಲ ಚಿಕಿತ್ಸೆ ಅದೇ. ಲಂಘನಂ ಪರಮೌಷಧಂ. ಒಂದೆರಡು ಹೊತ್ತು ಹೊಟ್ಟೆ ಖಾಲಿ ಬಿಟ್ಟರೆ ತಾನೇ ಸರಿಹೋಗುತ್ತದೆ ಎಂದು ಅದರ ಬಟ್ಟಲಿನಲ್ಲಿದ್ದ ಹುಲ್ಲನ್ನೂ ನಾನೇ ಎತ್ತಿಟ್ಟಿದ್ದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಏಟು ಬಿದ್ದಿತು.

"ನಿಂಗೆ ಮಂಡೆ ಉಂಟಾ?" ಎಂದು ಕಿರುಚಿದಳು. "ಮನುಷ್ಯರ ಹೊಟ್ಟೆಯಾ ಇದು? ಇದರ ಕರುಳು ಹಗಲು ರಾತ್ರಿ ಓಡ್ತಾನೇ ಇರ್ಬೇಕು. ಅರ್ಧ ದಿವಸ ತಿನ್ನದಿದ್ರೆ ಒಳಗೆ ಗ್ಯಾಸ್ ತುಂಬ್ತದೆ. ವಾಂತಿ ಮಾಡ್ಲಿಕ್ಕೂ ಬರುದಿಲ್ಲ ಪಾಪದ್ದಕ್ಕೆ. ತಿನ್ನದೆ ಹನ್ನೆರಡು ಗಂಟೆ ಆದ ಕೂಡಲೇ ಡಾಕ್ಟರ ಹತ್ರ ಓಡ್ಬೇಕು. ನೀನು ಮದ್ದು ಮಾಡಿದ್ದಲ್ಲ ಮಾರಾಯ್ತಿ, ಕೊಂದದ್ದು."

ಶೋರ್‌ಲೈನ್‌ನ ಮನೆಗೆ ಬಂದು ನನ್ನ ಗಂಡ ದ್ವಾರಕಾನಾಥರ ಮುಂದೆ ಅಳುತ್ತಾ, ಪೊಲೀಸರಿಗೆ ಕಂಪ್ಲೇಂಟ್ ಕೊಡುತ್ತೇನೆಂದು ಹಾರಾಡಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಹೊಡೆದಿದ್ದು ತಪ್ಪು. ಆದ್ರೆ ಹೇಳಿದ್ರಲ್ಲಿ ತಪ್ಪೇನಿದೆ, ವಸಂತಾ?" ಎಂದರು. ಅದಕ್ಕೆ ಅವರ ಮೇಲೂ ಸಿಟ್ಟು ಬಂತು. ಮುಂದಿನ ಶನಿವಾರ ಆ ಹೆಂಗಸಿಗೆ ನಾಲ್ಕು ಮಾತು ಆಡಿ ಬರಬೇಕೆಂದು ಹೋದೆ. ಹೋದವಳು ಅವಳ ಜೊತೆ ಒಂಬತ್ತು ಗೂಡು ತೊಳೆದು, ಒಂಬತ್ತು ಗಿನಿಪಿಗ್‌ಗಳನ್ನು ತೂಕಕ್ಕೆ ಹಾಕಿ, ಅವಳ ಕೈಯ ಮೀನುಸಾರಿನ ವಾಸನೆಗೆ ಮೂಗು ಮುಚ್ಚಿಕೊಂಡು ಚಹಾ ಕುಡಿದು ಬಂದೆ. ಅದಾಗಿ ಆರು ವರ್ಷವಾಯಿತು. ಒಂದು ಶನಿವಾರವೂ ತಪ್ಪಿಸಿಲ್ಲ.

ಪರದೇಶದ ಈ ಮೂಲೆಯ ಕನ್ನಡದವರಿಗೆಲ್ಲ ಸಿಸಿಲಿಯಾ ಗೊತ್ತು. ಡಿಸೆಂಬರ್ ಬಂತೆಂದರೆ ನಮ್ಮವರು ಐದೈದು ವಾರ ಇಂಡಿಯಾಕ್ಕೆ ಹೊರಡುತ್ತಾರೆ. ನಾಯಿಯನ್ನು ನೋಡಿಕೊಳ್ಳುವವರು ಸಿಗುತ್ತಾರೆ, ಮಕ್ಕಳು ಹಟ ಹಿಡಿದು ತಂದ ಗಿನಿಪಿಗ್‌ನ್ನು ಯಾರ ತಲೆಗೆ ಕಟ್ಟುವುದು? ಸಿಸಿಲಿಯಾಳ ತಲೆಗೆ. ಅವಳ ಮಗ ಮೆಲ್ರಾಯ್ ಕಾಲೇಜಿಗೆಂದು ಬೇರೆ ರಾಜ್ಯಕ್ಕೆ ಹೋಗುವಾಗ ಎರಡು ಗಿನಿಪಿಗ್ ಬಿಟ್ಟುಹೋದ. ಅವನ್ನು ಸಾಕುತ್ತಾ ಸಾಕುತ್ತಾ ಅವಳ ಗ್ಯಾರೇಜು ಛತ್ರವಾಯಿತು. ಎವರೆಟ್‌ನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳ ಊಟ ತಯಾರಿಸಿ ನಿವೃತ್ತಳಾದ ಅವಳಿಗೆ ಮತ್ತೊಬ್ಬರ ಹೊಟ್ಟೆಯ ಚಿಂತೆ ಬಿಟ್ಟು ಬೇರೆ ಚಿಂತೆ ಇರಲಿಲ್ಲ.

ಆದರೆ ಅವಳ ಹತ್ತಿರ ಪ್ರಾಣಿ ಬಿಡುವುದಕ್ಕೆ ಗುಂಡಿಗೆ ಬೇಕಿತ್ತು. ಜಯಂತ್ ಎಂಬಾತ ಒಮ್ಮೆ, "ಹೊಟ್ಟೆ ಸರಿ ಇಲ್ಲ ಅನ್ಸತ್ತೆ ಆಂಟಿ, ಅದಕ್ಕೆ ಮೊಸರನ್ನ ತಂದಿದೀನಿ," ಎಂದು ಸ್ಟೀಲ್ ಡಬ್ಬಿ ಮುಂದಿಟ್ಟ. ಹುಲ್ಲು ತಿನ್ನುವ ಪ್ರಾಣಿಗೆ ಮೊಸರು ಹಾಕುತ್ತೀಯಾ ಎಂದು ಅವಳು ಆ ಡಬ್ಬಿಯನ್ನು ಎಸೆದ ರಭಸಕ್ಕೆ ಗೋಡೆಯ ಪ್ಲಾಸ್ಟರ್ ಕಿತ್ತುಬಂತು. ಎರಡು ಗಂಡು ಗಿನಿಪಿಗ್ ಕಚ್ಚಾಡಿ ರಕ್ತ ಹರಿಸಿದ ದಿನ ಬರಿಗೈಯನ್ನು ನಡುವೆ ಹಾಕಿ ಬಿಡಿಸಿದಳು. ತೋರುಬೆರಳು ಮೂಳೆ ಕಾಣುವಷ್ಟು ಹರಿದಿತ್ತು. ಸಿಂಕಿನಲ್ಲಿ ತೊಳೆದು, ಬಟ್ಟೆ ಸುತ್ತಿ, ಉಳಿದವನ್ನು ತೂಕ ಮಾಡಿದ ಮೇಲೆಯೇ ಹೊಲಿಗೆ ಹಾಕಿಸಿಕೊಳ್ಳಲು ಹೋದಳು. ದಿನಾ ಬೆಳಿಗ್ಗೆ ಅಡುಗೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗುವುದು ಅವಳ ಪೂಜೆ. ಗಿನಿಪಿಗ್ ರೋಗವನ್ನು ಮುಚ್ಚಿಡುವ ಪ್ರಾಣಿ, ಸಾಯುವ ಹಿಂದಿನ ದಿನದವರೆಗೂ ಚೆನ್ನಾಗಿರುವ ಹಾಗೆ ನಟಿಸುತ್ತದೆ, ಸುಳ್ಳು ಹೇಳದೇ ಇರುವುದು ತಕ್ಕಡಿ ಮತ್ತು ಹಿಕ್ಕೆ ಮಾತ್ರ ಎನ್ನುತ್ತಿದ್ದಳು. ಹಿಕ್ಕೆ ಸಣ್ಣದಾದರೆ, ಇಲ್ಲವೇ ನಿಂತೇಹೋದರೆ, ಅವಳು ಊಟ ಬಿಟ್ಟು ಎದ್ದುಬಿಡುತ್ತಿದ್ದಳು.

ಅವಳ ಎಡದವಡೆ ಸ್ವಲ್ಪ ಸೊಟ್ಟ. ಅದರ ಕತೆಯನ್ನು ನನಗೆ ಹೇಳಲು ಎರಡು ವರ್ಷ ತೆಗೆದುಕೊಂಡಳು. ಹೇಳಿದ್ದು ಒಂದೇ ಸಲ, ಸಿರಿಂಜು ತೊಳೆಯುತ್ತಾ, ಬೆನ್ನು ಹಾಕಿ ನಿಂತು.

ಗಂಡ ಆಂಟನಿ ವಿಮಾನದ ಕಾರ್ಖಾನೆಯಲ್ಲಿ ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದ. ಮಂಗಳೂರಿನಿಂದ ಇಬ್ಬರೂ ಬಂದದ್ದು ತೊಂಬತ್ತಾರರಲ್ಲಿ. ಒಳ್ಳೆಯ ಕೆಲಸಗಾರ, ಇಗರ್ಜಿಯಲ್ಲಿ ಒಳ್ಳೆಯ ಹಾಡುಗಾರ, ಮನೆಯೊಳಗೆ ರಾಕ್ಷಸ. ಕಪ್ಪು ದಿನಗಳ, ಅಂದರೆ ಈಸ್ಟರಿಗೆ ಮುಂಚಿನ ವ್ರತದ ದಿನಗಳ, ಒಂದು ಶುಕ್ರವಾರ, ಮಾಂಸ ಮಾಡಬಾರದ ದಿನ, ಅವನಿಗೆ ಹಂದಿಮಾಂಸವೇ ಬೇಕೆನಿಸಿತು. ಇವತ್ತು ಮಾಡುವ ಹಾಗಿಲ್ಲ ಎಂದಳು. ಅವನು ಅರೆಯುವ ಕಲ್ಲಿನ ಗುಂಡನ್ನು ಎತ್ತಿ ಅವಳ ದವಡೆಗೆ ಹೊಡೆದ. ಎರಡು ಕಡೆ ಮುರಿಯಿತು. ತನ್ನದೇ ಆಸ್ಪತ್ರೆಯಲ್ಲಿ, ಮೆಟ್ಟಿಲಿನಿಂದ ಬಿದ್ದೆ ಎಂದು ಬರೆದು ತೋರಿಸಿದಳು, ಯಾಕೆಂದರೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಆರು ವಾರ ಹಲ್ಲಿಗೆ ಹಲ್ಲು ತಂತಿಯಲ್ಲಿ ಬಿಗಿದಿದ್ದರು. ಕೆನ್ನೆಯ ಸಂದಿಯಿಂದ ಸಿರಿಂಜಿನಲ್ಲಿ ಗಂಜಿತಿಳಿ.

"ಹಸಿವು ಇರ್ಲಿಲ್ಲ ಅಂತ ಅಲ್ಲ," ಎಂದಳು. "ಹುಚ್ಚು ಹಿಡಿಯುವಷ್ಟು ಹಸಿವು. ಬಾಯಿಗೆ ಇಟ್ರೆ ಆಗುದಿಲ್ಲ ಅಷ್ಟೆ. ಇವುಗಳಲ್ಲಿ ಅದನ್ನೇ ನೋಡ್ಬೇಕು. ಹಸಿವೇ ಇಲ್ಲದ್ದು ಬೇರೆ, ತಿನ್ಲಿಕ್ಕೆ ಆಗದೇ ಇರುದು ಬೇರೆ."

ತಂತಿ ಬಿಚ್ಚಿದ ದಿನ ಸಂಜೆ ಮನೆಗೆ ಬಂದವಳು ಅದೇ ಗುಂಡುಕಲ್ಲನ್ನು ಎತ್ತಿ ಮೇಜಿನ ಮೇಲಿದ್ದ ಆಂಟನಿಯ ಬಲಗೈಗೆ ಹೊಡೆದಳು. ಮೂರು ಬೆರಳು ಪುಡಿಯಾದವು. ಮತ್ತೆಂದೂ ಅವನು ರಿವೆಟ್ ಗನ್ ಹಿಡಿಯಲಿಲ್ಲ, ಅವಳ ಮನೆಗೂ ಬರಲಿಲ್ಲ. ನಾಲ್ಕು ವರ್ಷಗಳ ಮೇಲೆ ಕುಡಿದು ಕುಡಿದು ಸತ್ತ. ಇಗರ್ಜಿಯಲ್ಲಿ ಮಣ್ಣಿಗೆ ಬಂದವರಿಗೆಲ್ಲ ಅವಳೇ ಅಡುಗೆ ಮಾಡಿ ಬಡಿಸಿದಳು. ನಿನಗೆ ಪಶ್ಚಾತ್ತಾಪವಿಲ್ಲವೇ ಎಂದು ಕೇಳುವ ಧೈರ್ಯ ಬರಲಿಲ್ಲ.

ಈಗ ಹೇಳಬೇಕಾದದ್ದು ಕಳೆದ ಡಿಸೆಂಬರಿನದು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರಶಾಂತ ಬಂದ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರು, ಮೈಸೂರಿನವನು, ಶೋರ್‌ಲೈನ್‌ನಲ್ಲಿ ನಮ್ಮಿಂದ ಎರಡು ರಸ್ತೆ ಆಚೆ ಮನೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿಯುವವನು, ಹಿರಿಯರನ್ನು ಕಂಡರೆ ಬಾಗುವವನು. ನನಗಂತೂ ಅವನೆಂದರೆ ಇಷ್ಟ. ಅವನ ಹೆಂಡತಿ ಭಾವನಾ ಮತ್ತು ಹತ್ತು ವರ್ಷದ ಮಗಳು ಯಾಮಿನಿ ಕಾರಿನಲ್ಲೇ ಕುಳಿತಿದ್ದರು. ಸೋಮವಾರ ಮೂವರೂ ಮೈಸೂರಿಗೆ ಹೊರಡುವವರಿದ್ದರು. ಅವರ ಗಿನಿಪಿಗ್‌ನ ಹೆಸರು ಬೋಂಡ. ಕಂದು ಬಣ್ಣದ, ದುಂಡನೆಯ, ಹೆಸರಿಗೆ ತಕ್ಕ ಪ್ರಾಣಿ. ಆ ದಿನ ಮಾತ್ರ ದುಂಡಗಿರಲಿಲ್ಲ.

ಸಿಸಿಲಿಯಾ ತಕ್ಕಡಿಯ ಮೇಲಿಟ್ಟು ನೋಡಿದಳು. ಅಕ್ಟೋಬರಿನಲ್ಲಿ ಎರಡು ದಿನ ಬಿಟ್ಟುಹೋಗಿದ್ದಾಗಿನ ತೂಕ ಅವಳ ಪುಸ್ತಕದಲ್ಲಿತ್ತು. ಆಗಿನದಕ್ಕಿಂತ ಇನ್ನೂರು ಗ್ರಾಂ ಕಡಿಮೆ.

"ಯಾವಾಗಿಂದ ತಿಂತಾ ಇಲ್ಲ?"

"ನಿನ್ನೆ ಸಂಜೆಯಿಂದ ಅನ್ಸತ್ತೆ ಆಂಟಿ. ಸುಮ್ನೆ ಹಟ ಮಾಡ್ತಿದೆ. ಹಸಿವಾದ್ರೆ ತಾನೇ ತಿನ್ನತ್ತೆ ಬಿಡಿ."

ಸಿಸಿಲಿಯಾ ಒಂದೆಳೆ ಕೊತ್ತಂಬರಿಯನ್ನು ಬೋಂಡನ ಮುಂದಿಟ್ಟಳು. ಅದು ಓಡಿಬಂದು ಕಚ್ಚಿತು, ಬಾಯಾಡಿಸಿತು, ಬೀಳಿಸಿತು. ಮತ್ತೆ ಎತ್ತಿಕೊಂಡಿತು, ಮತ್ತೆ ಬೀಳಿಸಿತು. ಗದ್ದದ ಕೆಳಗಿನ ಕೂದಲೆಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು. ಸಿಸಿಲಿಯಾಳ ಕೈ ಅವಳಿಗೆ ಗೊತ್ತಿಲ್ಲದ ಹಾಗೆ ತನ್ನದೇ ಎಡದವಡೆಗೆ ಹೋದದ್ದನ್ನು ನಾನು ಕಂಡೆ.

ಅವಳು ಹೊರಗೆ ಹೋಗಿ ಕಾರಿನ ಕಿಟಕಿಗೆ ಬಗ್ಗಿದಳು. "ಚಾ ಕುಡೀತೀಯಾ ಭಾವನಾ? ಒಳಗೆ ಬಾ."

ಭಾವನಾ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು.

"ಅವಳು ಕುಡಿಯಲ್ಲ ಆಂಟಿ," ಎಂದ ಪ್ರಶಾಂತ, ನಗುತ್ತಲೇ.

ನನಗೆ ಇದರಲ್ಲಿ ಏನೂ ಕಾಣಲಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಗಂಡಸರು ಹೀಗೆ ಉತ್ತರಿಸುವುದಿಲ್ಲ! ಸಿಸಿಲಿಯಾ ಮಾತ್ರ ಒಳಗೆ ಬರುವಾಗ ಬೇರೆಯೇ ಮುಖ ಹೊತ್ತು ಬಂದಳು. ಬಂದವಳಿಗೆ ಕಂಡದ್ದು ಇದು: ಪ್ರಶಾಂತ ಬೋಂಡನನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಅದರ ಎರಡೂ ಕೆನ್ನೆ ಒತ್ತಿ ಬಾಯಿ ಬಿಡಿಸಲು ನೋಡುತ್ತಿದ್ದ.

"ನೋಡಿ, ಹೀಗೆ ಅದುಮಿದ್ರೆ ಬಾಯಿ ಬಿಡತ್ತೆ. ಬಿಡದೆ ಎಲ್ಲಿ ಹೋಗತ್ತೆ..."

ಬೋಂಡ ಚೀರಿತು. ಗಿನಿಪಿಗ್‌ನ ಚೀರಾಟ ಕೇಳಿದವರಿಗೆ ಗೊತ್ತು, ಅದು ಕಿವಿಯಲ್ಲಿ ನಿಲ್ಲುವಂಥದ್ದಲ್ಲ, ಎದೆಗೇ ಇಳಿಯುತ್ತದೆ. ಗೂಡಿನ ತಳ ಕೆರೆಯುವ ಉಕ್ಕಿನ ಸಲಿಕೆ ಮೇಜಿನ ಮೇಲಿತ್ತು. ಸಿಸಿಲಿಯಾ ಅದನ್ನು ತೆಗೆದುಕೊಂಡದ್ದು ನನಗೆ ಕಾಣಲಿಲ್ಲ, ಬೀಸಿದ್ದು ಮಾತ್ರ ಕಂಡಿತು. ಅಡ್ಡಲಾಗಿ, ಪೂರ್ತಿ ತೋಳಿನಿಂದ. ಪ್ರಶಾಂತನ ಮೂಗು ಮುರಿದ ಸದ್ದು ಒಣಕಡ್ಡಿ ಮುರಿದ ಹಾಗೆ ಕೇಳಿತು. ಬೋಂಡ ಅವನ ಕೈಯಿಂದ ಜಾರಿತು. ನಾನು ಹೇಗೆ ಹಿಡಿದೆನೋ ದೇವರಿಗೇ ಗೊತ್ತು. ಅವನು ಹುಲ್ಲಿನ ಮೂಟೆಗಳ ಮೇಲೆ ಬಿದ್ದ. ಸಿಸಿಲಿಯಾ ಬಿಡಲಿಲ್ಲ. ಅವನ ಎದೆಯ ಮೇಲೆ ಮಂಡಿಯೂರಿ ಎರಡನೆಯ ಏಟನ್ನು ತುಟಿಯ ಮೇಲೆ ಕೊಟ್ಟಳು. ಮೂರನೆಯದಕ್ಕೆ ಕೈ ಎತ್ತಿದಾಗ ನಾನು ಒಂದು ಕೈಯಲ್ಲಿ ಬೋಂಡನನ್ನು ಹಿಡಿದುಕೊಂಡೇ ಅವಳ ಜಡೆಯನ್ನು ಹಿಡಿದು ಹಿಂದಕ್ಕೆಳೆದೆ. ಅವಳ ಬೂದುಬಣ್ಣದ ಸ್ವೆಟರಿನ ಮೇಲೆಲ್ಲ ಅವನ ರಕ್ತ.

"ನೀನೇ ಒಡೆದದ್ದು ಇದರ ದವಡೆ!" ಎಂದು ಅರಚಿದಳು. "ನಾಯಿ! ನಂಗೆ ಗೊತ್ತಾಗುದಿಲ್ಲ ಅಂತ ಅಂದ್ಕೊಂಡೆಯಾ? ನಂಗೆ ಗೊತ್ತಾಗದೆ ಮತ್ತೆ ಯಾರಿಗೆ ಗೊತ್ತಾಗುದು?"

"ನಾನ್ ಏನೂ ಮಾಡಿಲ್ಲ! ದೇವ್ರಾಣೆಗೂ ಅದನ್ನ ಮುಟ್ಟಿಲ್ಲ!" ರಕ್ತದ ನಡುವೆ ಅವನ ಮಾತು ಗುಳುಗುಳು ಎನ್ನುತ್ತಿತ್ತು. "ಪೊಲೀಸ್‌ಗೆ ಕಾಲ್ ಮಾಡ್ತೀನಿ. ನಿಮ್ಮನ್ನ ಒಳಗ್ ಹಾಕಿಸ್ದೆ ಬಿಡಲ್ಲ."

ಭಾವನಾ ಯಾವಾಗ ಕಾರಿನಿಂದ ಇಳಿದು ಬಂದಿದ್ದಳೋ, ಬಾಗಿಲಲ್ಲಿ ನಿಂತಿದ್ದಳು. ಗಂಡನ ಹತ್ತಿರ ಓಡಲಿಲ್ಲ, ಕಿರುಚಲಿಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ಅವನನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಮೊದಲು ಬೋಂಡನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ," ಎಂದಳು. ಹೆಂಗಸು ಶಾಕ್‌ನಲ್ಲಿದ್ದಾಳೆ ಎಂದುಕೊಂಡೆ ನಾನು.

ಬೆಕ್ಕು ನಾಯಿಗಳ ಎಲ್ಲ ಡಾಕ್ಟರುಗಳೂ ಗಿನಿಪಿಗ್ ನೋಡುವುದಿಲ್ಲ. ನೋಡುವಂಥ ಕ್ಲಿನಿಕ್ಕು ಎವರೆಟ್‌ನಲ್ಲಿತ್ತು. ನಾನು ಡ್ರೈವ್ ಮಾಡಿದೆ. ಸಿಸಿಲಿಯಾ ಪಕ್ಕದಲ್ಲಿ ಬೋಂಡನನ್ನು ಮಡಿಲಲ್ಲಿಟ್ಟುಕೊಂಡು ಕೊಂಕಣಿಯಲ್ಲಿ ಜಪ ಮಾಡುತ್ತಿದ್ದಳು. ಹಿಂದಿನ ಕಾರನ್ನು ಭಾವನಾ ಓಡಿಸುತ್ತಿದ್ದಳು. ಮೂಗಿಗೆ ಟವೆಲ್ ಒತ್ತಿಕೊಂಡ ಪ್ರಶಾಂತ ಅವಳ ಪಕ್ಕದಲ್ಲಿ, ಅಳುತ್ತಿದ್ದ ಯಾಮಿನಿ ಹಿಂದೆ. ಪೊಲೀಸರನ್ನು ಕರೆಯುವ ಮುಂಚೆ ಡಾಕ್ಟರ ಬಾಯಿಂದಲೇ ತಾನು ನಿರಪರಾಧಿ ಎಂದು ಹೇಳಿಸಬೇಕು ಎಂಬ ಛಲ ಅವನದು.

ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಸಣ್ಣ ಕೊಳವೆಯ ದೀಪ ಹಾಕಿ ಬಾಯೊಳಗೆ ನೋಡಿದರು. ಅರ್ಧ ಗಂಟೆಯ ನಂತರ ಎಲ್ಲರನ್ನೂ ಕರೆದು ಪರದೆಯ ಮೇಲೆ ತೋರಿಸಿದರು. ದವಡೆ ಮುರಿದಿರಲಿಲ್ಲ. ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಗಿನಿಪಿಗ್‌ನ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಒರಟು ಹುಲ್ಲನ್ನು ದಿನವಿಡೀ ಅರೆದರೆ ಮಾತ್ರ ಸವೆಯುತ್ತದೆ. ಇವರ ಮನೆಯಲ್ಲಿ ಹುಲ್ಲಿನ ಧೂಳಿಗೆ ಅಲರ್ಜಿಯೆಂದು ಮೂರು ತಿಂಗಳಿಂದ ಬರೀ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಒಣತಿಂಡಿ ಮತ್ತು ಕ್ಯಾರೆಟ್ಟು. ಎರಡೂ ಕಡೆಯ ದವಡೆಹಲ್ಲು ಬೆಳೆದು, ಬಾಗಿ, ನಾಲಗೆಯ ಮೇಲೆ ಸೇತುವೆ ಕಟ್ಟಿತ್ತು. ನಾಲಗೆ ಅದರಡಿ ಸಿಕ್ಕಿಕೊಂಡಿತ್ತು. ಹೊಟ್ಟೆಯಲ್ಲಿ ಆಗಲೇ ಗ್ಯಾಸು ಕೂಡುತ್ತಿತ್ತು. ಸಂಜೆಯವರೆಗೆ ಕಾದಿದ್ದರೆ ಉಳಿಯುವುದು ಅನುಮಾನವಿತ್ತು. ಮದ್ದು ಕೊಟ್ಟು ಮಲಗಿಸಿ ಹಲ್ಲು ಕತ್ತರಿಸುತ್ತೇವೆ, ಒಂದು ವಾರ ಎರಡೆರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಬೇಕು ಎಂದರು.

"ಮುರಿದಿಲ್ಲವಾ?" ಎಂದು ಸಿಸಿಲಿಯಾ ಕೇಳಿದಳು. ಡಾಕ್ಟರಮ್ಮ ಇಲ್ಲವೆಂದರು. "ಯಾರೂ ಹೊಡೆದದ್ದಲ್ಲವಾ?" ಅಲ್ಲವೆಂದರು.

ಆಮೇಲೆ ಕಾಯುವ ಕೋಣೆಯಲ್ಲಿ, ನಾಯಿ ಬೆಕ್ಕು ಹಿಡಿದು ಕೂತವರೆಲ್ಲರ ಎದುರಿಗೆ, ಅರವತ್ತೊಂದು ವರ್ಷದ ಆ ಹೆಂಗಸು ಪ್ರಶಾಂತನ ಮುಂದೆ ಮಂಡಿಯೂರಿ ಕೈ ಮುಗಿದಳು. "ತಪ್ಪಾಯ್ತು ಮಗಾ. ನನ್ನ ಮಂಡೆ ಹಾಳಾಯ್ತು. ನನ್ನನ್ನು ಕ್ಷಮಿಸು."

ಪ್ರಶಾಂತ ದೊಡ್ಡ ಮನುಷ್ಯನ ಹಾಗೆ ಅವಳನ್ನು ಭುಜ ಹಿಡಿದು ಎಬ್ಬಿಸಿದ. ಅವನ ತುಟಿ ಬದನೆಕಾಯಿಯಷ್ಟು ಊದಿತ್ತು. "ನಿಮ್ಮ ವಯಸ್ಸು ನೋಡಿ ಬಿಡ್ತಿದೀನಿ ಆಂಟಿ. ಪೊಲೀಸ್‌ಗೆ ಹೇಳಲ್ಲ. ಆದ್ರೆ ಇನ್ನೊಂದ್ಸಲ ನಮ್ಮ ಮನೆ ವಿಷಯಕ್ಕೆ ತಲೆ ಹಾಕ್ಬೇಡಿ," ಎಂದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು. ಸಿಸಿಲಿಯಾಳ ಬಗ್ಗೆ ನಾಚಿಕೆಯೂ ಸಿಟ್ಟೂ ಬಂತು. ಭಾವನಾ ಅಕ್ವೇರಿಯಮ್ಮಿನ ಪಕ್ಕ ನಿಂತು ಮಂಡಿಯೂರಿದ್ದ ಸಿಸಿಲಿಯಾಳನ್ನು ನೋಡಿದಳು, ನೋಡಿ ಮುಖ ತಿರುಗಿಸಿಕೊಂಡಳು. ಆ ಮುಖದಲ್ಲಿ ಏನೋ ಆರಿಹೋಯಿತು. ಅದನ್ನು ಕಂಡೂ ನನಗೆ ತಿಳಿಯಲಿಲ್ಲ. ನನ್ನ ಬುದ್ಧಿಗೆ ಮಣ್ಣು ಬೀಳಲಿ.

ಹಲ್ಲು ಕತ್ತರಿಸಿ ಮುಗಿದ ಮೇಲೆ ಬೋಂಡನನ್ನು ಸಿಸಿಲಿಯಾಳ ಹತ್ತಿರ ಬಿಟ್ಟು ಅವರು ಹೋದರು.

ಮಾರನೆಯ ದಿನ ಭಾನುವಾರ. ನನಗೆ ತಡೆಯಲಾಗದೆ ಮುಕಿಲ್ಟಿಯೊಗೆ ಹೋದೆ. ಸಿಸಿಲಿಯಾ ಇಗರ್ಜಿಯ ಪೂಜೆಗೆ ಹೋಗಿರಲಿಲ್ಲ. ಬೋಂಡನಿಗೆ ತಿನ್ನಿಸಿದ್ದಳು, ಆದರೆ ಉಳಿದವನ್ನು ತೂಕ ಮಾಡಿರಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ತನ್ನ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕುಳಿತಿದ್ದಳು.

"ಇವರೆಲ್ಲ ಇಂಡಿಯಾದಿಂದ ಬಂದ ಮೇಲೆ ಬಾಗಿಲು ಹಾಕ್ತೇನೆ ವಸಂತಾ," ಎಂದಳು. "ಇದು ನನ್ನ ಕೈ ಅಲ್ಲ. ಆಂಟನಿಯ ಕೈ. ಅವನು ಸತ್ತದ್ದು ಸುಳ್ಳು."

ಎಂದಾದರೂ ಹೀಗಾಗುತ್ತದೆ ಎಂದು ನನ್ನ ಕೆನ್ನೆಗೆ ಆರು ವರ್ಷದಿಂದ ಗೊತ್ತಿತ್ತು. ತಕ್ಕಡಿ ತೆಗೆದು ಒಂದೊಂದನ್ನೇ ತೂಗತೊಡಗಿದೆ.

ಹನ್ನೊಂದು ಗಂಟೆಗೆ ಭಾವನಾ ಬಂದಳು. ಕಾರಿನಲ್ಲಲ್ಲ, ಎರಡು ಬಸ್ಸು ಬದಲಿಸಿ, ಯಾಮಿನಿಯ ಕೈ ಹಿಡಿದು, ಬೆನ್ನಿಗೊಂದು ಚೀಲ ಹಾಕಿಕೊಂಡು. "ಬೋಂಡಂಗೆ ತಿನ್ನಿಸೋದು ಹೇಗೆ ಅಂತ ಹೇಳ್ಕೊಡಿ ಆಂಟಿ," ಎಂದಳು.

ಸಿಸಿಲಿಯಾ ತಲೆ ಎತ್ತದೆ ಕಲಿಸಿದಳು. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳಬೇಕು, ಅಂಗಾತ ಮಾಡಬಾರದು. ಸಿರಿಂಜನ್ನು ನೇರ ಗಂಟಲಿಗೆ ಹಿಡಿದರೆ ಪುಪ್ಪುಸಕ್ಕೆ ಹೋಗಿ ಸಾಯುತ್ತದೆ, ಮುಂದಿನ ಹಲ್ಲಿನ ಹಿಂದೆ, ಪಕ್ಕದಿಂದ. ಚೂರೇ ಚೂರು. ಅದು ಅಗಿದು ನುಂಗಿದ ಮೇಲೆ ಇನ್ನೊಂದು ಚೂರು. "ಅವಸರ ಮಾಡ್ಬೇಡ. ಬಾಯಿ ಬಿಡಿಸ್ಲಿಕ್ಕೆ ಹೋಗ್ಬೇಡ. ಅದೇ ಕೇಳ್ತದೆ."

ಭಾವನಾ ಅಂಗಿಯ ತೋಳು ಮೇಲಕ್ಕೆ ಮಡಿಸಿದಳು. ಹಸಿರು ಗಂಜಿಯ ಮೊದಲ ಹನಿ ತಗುಲಿದಾಗ ಬೋಂಡ ಮೂತಿ ಹಿಂದಕ್ಕೆಳೆಯಿತು. ಎರಡನೆಯದಕ್ಕೆ ನಿಂತಿತು. ಮೂರನೆಯದಕ್ಕೆ ದವಡೆ ಆಡಿಸಿತು.

"ಅಮ್ಮಾ! ಹೀ ಈಸ್ ಚ್ಯೂಯಿಂಗ್!" ಎಂದು ಯಾಮಿನಿ ಕುಣಿದಳು.

"ಹೂಂ ಪುಟ್ಟಾ. ಒಳಗ್ ಹೋಗಿ ಅವನಿಗೆ ಕೊತ್ತಂಬರಿ ತೊಳ್ಕೊಂಡ್ ಬಾ," ಎಂದಳು ಭಾವನಾ. ಮಗಳು ಓಡಿದಳು. ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೆ ಕಾದು, ಸಿರಿಂಜಿನಿಂದ ಕಣ್ಣು ಕೀಳದೆ ಭಾವನಾ ಹೇಳಿದಳು:

"ನಿನ್ನೆ ನೀವು ಕ್ಷಮೆ ಕೇಳ್ಬಾರ್ದಿತ್ತು ಆಂಟಿ."

ಆಗ ನಾನು ಅವಳ ಬರಿದಾದ ತೋಳನ್ನು ನೋಡಿದೆ. ಮೊಣಕೈಯ ಒಳಭಾಗದಿಂದ ಮೇಲಕ್ಕೆ ಹಳದಿ, ಹಸಿರು, ನೀಲಿ. ಹೊಸದರ ಮೇಲೆ ಹಳೆಯದೋ ಹಳೆಯದರ ಮೇಲೆ ಹೊಸದೋ ಹೇಳುವಂತಿರಲಿಲ್ಲ. ಕತ್ತಿನ ಹಿಂದೆ, ಕೂದಲಡಿಯಲ್ಲಿ, ಸುಟ್ಟ ಗುರುತು.

"ಬೋಂಡನ್ನ ಅವ್ರು ಮುಟ್ಟಿಲ್ಲ, ಅದು ನಿಜ," ಎಂದಳು. "ಎಲ್ಲಾ ನನಗೇ. ಹನ್ನೊಂದು ವರ್ಷದಲ್ಲಿ ಅವ್ರಿಗೆ ಒಬ್ರು ತಿರುಗಿ ಹೊಡೆದಿದ್ದು ನಾನ್ ನೋಡಿದ್ದು ನಿನ್ನೇನೆ. ಕ್ಲಿನಿಕ್ಕಲ್ಲಿ ನಿಮ್ ಹತ್ರ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ನೀವು ಅವ್ರ ಕಾಲ ಹತ್ರ ಕೂತ್ರಿ. ರಾತ್ರಿ ಮನೇಲಿ, ನಿಮ್ಮ ಎರಡು ಏಟನ್ನೂ ನನ್ನ ಮೇಲೆ ತೀರಿಸ್ಕೊಂಡ್ರು."

ಸಿಸಿಲಿಯಾ ಬಾಯಿಗೆ ಕೈ ಒತ್ತಿಕೊಂಡಳು.

ಭಾವನಾ ಸಿರಿಂಜನ್ನು ಕೆಳಗಿಟ್ಟು, ಬೋಂಡನನ್ನು ನನ್ನ ಕೈಗೆ ಕೊಟ್ಟು, ಚೀಲದಿಂದ ಎರಡು ಪಾಸ್‌ಪೋರ್ಟ್ ತೆಗೆದಳು. ತನ್ನದು, ಮಗಳದು. "ನಾಳೆ ಫ್ಲೈಟು. ಮೈಸೂರಲ್ಲಿ ನನ್ ಪಾಸ್‌ಪೋರ್ಟ್ ಕಿತ್ಕೊಂಡು ನನ್ನ ಅಲ್ಲೇ ಬಿಟ್ಟು, ಯಾಮಿನಿನ ಮಾತ್ರ ವಾಪಸ್ ಕರ್ಕೊಂಡು ಬರ್ತಾರಂತೆ. ಅವ್ರ ಅಣ್ಣನ ಜೊತೆ ಫೋನಲ್ಲಿ ಮಾತಾಡಿದ್ದು ಕೇಳಿಸ್ಕೊಂಡೆ. ಇವನ್ನ ನಿಮ್ ಹತ್ರ ಇಟ್ಕೋತೀರಾ? ನಂಗೆ ಬೇರೆ ಯಾರೂ ಗೊತ್ತಿಲ್ಲ."

ಎರಡು ರಸ್ತೆ ಆಚೆ ಇದ್ದ ನನ್ನ ಹತ್ತಿರ ಅವಳು ಬರಲಿಲ್ಲ. ಯಾಕೆ ಬರುತ್ತಾಳೆ? ಅವಳ ಗಂಡ ಮೈಕಿನಲ್ಲಿ ಮಾತಾಡಿದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳು ನಾನು. ಆ ಹೊತ್ತು ಸಿಸಿಲಿಯಾ ಇನ್ನೊಂದು ಕೆನ್ನೆಗೂ ಬಾರಿಸಿದ್ದರೆ ನನಗೆ ಹಿತವಾಗುತ್ತಿತ್ತು.

ಅಷ್ಟರಲ್ಲಿ ಭಾವನಾಳ ಫೋನು ಬಡಿದುಕೊಂಡಿತು. ಪ್ರಶಾಂತ. ಅವಳ ಕೈ ತಾನಾಗಿಯೇ ಎತ್ತಲು ಹೋಯಿತು, ಸಿಸಿಲಿಯಾ ಫೋನನ್ನು ಮೆಲ್ಲಗೆ ತೆಗೆದುಕೊಂಡಳು. ಆ ಕಡೆಯಿಂದ ಅವನ ಕೂಗು ನಮಗೆಲ್ಲ ಕೇಳುವಷ್ಟು ಜೋರಿತ್ತು. ಪಾಸ್‌ಪೋರ್ಟ್ ಎಲ್ಲಿ, ಕಾಲು ಮುರಿದು ಹಾಕ್ತೀನಿ, ಹತ್ತೇ ನಿಮಿಷದಲ್ಲಿ ಅಲ್ಲಿರ್ತೀನಿ.

"ನಾನು ಸಿಸಿಲಿಯಾ," ಎಂದಳು ಇವಳು. ಕೂಗು ನಿಂತಿತು. "ನಿನ್ನೆ ನಾನು ನಿನ್ನ ಹತ್ರ ಕ್ಷಮೆ ಕೇಳಿದ್ದೆ ಅಲ್ಲವಾ? ಅದನ್ನು ವಾಪಸ್ ತಗೊಂಡೆ."

ಕರೆ ಕತ್ತರಿಸಿದಳು. ನಾನು ಓಡಿಹೋಗಿ ಗ್ಯಾರೇಜಿನ ಶಟರ್ ಎಳೆದೆ. ಉಕ್ಕಿನ ಸಲಿಕೆ ಅಲ್ಲೇ ಮೇಜಿನ ಮೇಲಿತ್ತು. ಅವಳ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತದ್ದು ನಿಜ, ನನ್ನದೂ ನಿಂತಿತು. ಅವಳು ಅದನ್ನು ಮುಟ್ಟಲಿಲ್ಲ. ತನ್ನ ಫೋನ್ ತೆಗೆದು ಪೊಲೀಸರಿಗೆ ಕಾಲ್ ಮಾಡಿದಳು.

"ಬೇಡ ಆಂಟಿ," ಎಂದು ಭಾವನಾ ಅವಳ ತೋಳು ಹಿಡಿದಳು. "ನೀವು ಹೊಡೆದಿದ್ದನ್ನ ಅವ್ರು ಹೇಳೇ ಹೇಳ್ತಾರೆ. ನಿಮ್ಮನ್ನೇ ಕರ್ಕೊಂಡು ಹೋಗ್ತಾರೆ."

"ಹೋಗ್ಲಿ," ಎಂದಳು ಸಿಸಿಲಿಯಾ. "ಬೋಂಡನಿಗೆ ಒಂದು ಗಂಟೆಗೆ ಮತ್ತೆ ಕೊಡ್ಲಿಕ್ಕೆ ಉಂಟು. ನಿಂಗೆ ಈಗ ಬರ್ತದಲ್ಲ."

ಇಬ್ಬರು ಪೊಲೀಸರು ಬಂದರು. ಅವರ ಬೆನ್ನಿಗೇ ಪ್ರಶಾಂತನ ಕಾರು ಕಿರುಗುಟ್ಟುತ್ತಾ ನಿಂತಿತು. ಒಬ್ಬ ಅವನನ್ನು ರಸ್ತೆಯಲ್ಲೇ ತಡೆದ. ಮೂಗಿನ ಪಟ್ಟಿ ತೋರಿಸುತ್ತಾ ಅವನು ಚೆನ್ನಾದ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ಎಳೆಯ ವಯಸ್ಸಿನ ಪೊಲೀಸ್ ಹೆಂಗಸು ಒಳಗೆ ಬಂದು ಪುಸ್ತಕ ತೆರೆದು, ಯಾರು ಯಾರನ್ನು ಹೊಡೆದದ್ದು ಎಂದು ಕೇಳಿದಳು. ಭಾವನಾ ಗಂಡನ ದನಿ ಬರುತ್ತಿದ್ದ ಕಡೆ ನೋಡಿದಳು. ಸಿಸಿಲಿಯಾ ಅವಳ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು, ಅವಳ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ತನ್ನ ಮಂಗಳೂರು ಇಂಗ್ಲಿಷಿನಲ್ಲಿ, ಒಂದಿಷ್ಟೂ ದನಿ ಏರಿಸದೆ ಹೇಳಿದಳು:

"ಮೊದಲು ನನ್ನದು ಬರ್ಕೊಳ್ಳಿ. ನಿನ್ನೆ ಆ ಮನುಷ್ಯನ ಮೂಗು ಒಡೆದದ್ದು ನಾನು. ಅದು ಎರಡು ಸಾಲಿಗೆ ಮುಗೀತದೆ. ಆಮೇಲೆ ಇವಳದ್ದು ಕೇಳಿ. ಇವಳದ್ದು ಉದ್ದ ಉಂಟು."